ಮುಚ್ಚಿದ ಬಾಗಿಲಿನ ಕಥೆಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳ ನೆನಪಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿದಾಗ, ಬೇವಿನ ಮರದ ಕೆಳಗಿನ ಬೆಳಗಿನ ಪ್ರಾರ್ಥನೆ, ಹೊಲಿಗೆಯ ತರಗತಿ, ವಾರ್ಷಿಕೋತ್ಸವದ ನಾಟಕ ಇವುಗಳಲ್ಲಿ ಯಾವುದಾದರೊಂದನ್ನು ಕುರಿತು ಬರೆಯುವೆನೆಂದೇ ಅವರು ಎಣಿಸಿದ್ದಿರಬೇಕು. ಅವುಗಳನ್ನು ನನಗಿಂತಲೂ ಚೆನ್ನಾಗಿ ಬರೆಯಬಲ್ಲ ಸಹೋದರಿಯರು ಅನೇಕರಿದ್ದಾರೆ. ನಾನು ಬರೆಯಹೊರಟಿರುವುದು ಭಯ, ಹುಚ್ಚು, ಕೊಲೆ ಇವುಗಳನ್ನು ಹೇಳುವ ಸಣ್ಣಕಥೆಗಳ ವಿಷಯವನ್ನು. ಮಂಗಳಕರವಾದ ಸಂಚಿಕೆಯಲ್ಲಿ ಇಂಥ ಅಮಂಗಳ ವಿಷಯವೇಕೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಈ ಶಾಲೆಯಲ್ಲಿ ನಾನು ಕಲಿತ ಪಾಠಗಳಲ್ಲೆಲ್ಲ ಅತ್ಯಂತ ತಡವಾಗಿ ಅರ್ಥವಾದ ಪಾಠವು ಇಂಥದೊಂದು ಕಥೆಯಿಂದಲೇ ಮೊದಲಾಯಿತು. ಅದನ್ನು ಬಿಟ್ಟು ಬೇರೇನನ್ನು ಬರೆದರೂ ಸತ್ಯದಲ್ಲಿ ಅರ್ಧವನ್ನು ಮಾತ್ರ ಬರೆದಂತಾಗುವುದು.

1966ನೆಯ ಇಸವಿಯ ಮಳೆಗಾಲ. ನಾನಾಗ ಒಂಬತ್ತನೆಯ ತರಗತಿಯಲ್ಲಿದ್ದೆನು. ವಸತಿ ಗೃಹದಲ್ಲಿ ವಾಸ. ಶನಿವಾರ ರಾತ್ರಿ ಊಟವಾದ ಮೇಲೆ ನಮ್ಮ ಇಂಗ್ಲಿಷ್ ಉಪಾಧ್ಯಾಯಿನಿಯವರು ಪುಸ್ತಕ ಭಂಡಾರದಿಂದ ಒಂದು ಕಥೆಯ ಪುಸ್ತಕವನ್ನು ತಂದು, ಒಂದೊಂದು ವಾಕ್ಯವನ್ನು ಮೂಲದಲ್ಲಿ ಓದಿ ಕೂಡಲೆ ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವುದು ವಾಡಿಕೆ. ಆ ರಾತ್ರಿ ಗಾಳಿಮಳೆಗೆ ವಿದ್ಯುದ್ದೀಪಗಳು ಆರಿಹೋಗಿದ್ದುವು. ಲಾಂದ್ರದ ಸುತ್ತಲೂ ಇಪ್ಪತ್ತು ಮಂದಿ ಹುಡುಗಿಯರು ಹೊದಿಕೆ ಸುತ್ತಿಕೊಂಡು ಕುಳಿತಿದ್ದೆವು. ಅಂದು ಅವರು ಓದಿದ್ದು ಅಮೇರಿಕದ ಎಡ್ಗರ್ ಅಲನ್ ಪೋ ಎಂಬ ಕವಿಯು ಬರೆದ ‘ದಿ ಟೆಲ್-ಟೇಲ್ ಹಾರ್ಟ್’, ಎಂದರೆ ‘ಗುಟ್ಟನ್ನು ಹೊರಗೆಡಹುವ ಹೃದಯ’ ಎಂಬ ಕಥೆ.

ಕಥೆ ಬಹು ಚಿಕ್ಕದು. ಅರ್ಧ ಗಂಟೆಯೊಳಗೆ ಓದಿ ಮುಗಿಸಬಹುದು. ಒಬ್ಬ ಮುದುಕನೊಡನೆ ಒಂದೇ ಮನೆಯಲ್ಲಿ ವಾಸಿಸುವವನೊಬ್ಬನು ತನ್ನ ವೃತ್ತಾಂತವನ್ನು ತಾನೇ ಹೇಳುತ್ತಾನೆ. ಇಬ್ಬರಿಗೂ ಹೆಸರಿಲ್ಲ, ಊರಿಗೂ ಹೆಸರಿಲ್ಲ. ಮುದುಕನು ಅವನಿಗೆ ಕೇಡೆಣಿಸಿದವನಲ್ಲ, ಅವನ ಹಣದ ಮೇಲೆ ಇವನಿಗೆ ಆಶೆಯೂ ಇಲ್ಲ. ಆದರೆ ಮುದುಕನ ಒಂದು ಕಣ್ಣಿಗೆ ಪೊರೆ ಬಂದಿದೆ. ಆ ಮಾಸಲು ನೀಲಿಯ ಕಣ್ಣು ಹದ್ದಿನ ಕಣ್ಣಿನಂತೆ ತನ್ನನ್ನು ನೋಡುವುದೆಂಬ ಒಂದೇ ಕಾರಣದಿಂದ ಅವನನ್ನು ಕೊಲ್ಲಬೇಕೆಂದು ನಿಶ್ಚಯಿಸುತ್ತಾನೆ. ಏಳು ರಾತ್ರಿ, ಸರಿಯಾಗಿ ನಡುರಾತ್ರಿಯಲ್ಲಿ, ಮುದುಕನ ಕೋಣೆಯ ಬಾಗಿಲನ್ನು ಸದ್ದಿಲ್ಲದೆ ಸರಿಸಿ ದೀಪದ ಒಂದು ಎಳೆ ಬೆಳಕನ್ನು ಆ ಕಣ್ಣಿನ ಮೇಲೆ ಬಿಡುತ್ತಾನೆ. ಕಣ್ಣು ಮುಚ್ಚಿರುವುದರಿಂದ ಹಿಂದಿರುಗುತ್ತಾನೆ. ಎಂಟನೆಯ ರಾತ್ರಿ ಕಣ್ಣು ತೆರೆದಿರುತ್ತದೆ. ಕೊಲೆಯಾಗುತ್ತದೆ. ದೇಹವನ್ನು ನೆಲದ ಹಲಗೆಗಳ ಕೆಳಗೆ ಅಡಗಿಸುತ್ತಾನೆ. ನೆರೆಯವರು ಕೂಗು ಕೇಳಿ ದೂರಿತ್ತುದರಿಂದ ಪೋಲೀಸಿನವರು ಮೂವರು ಬರುತ್ತಾರೆ. ಅವರನ್ನು ಆದರದಿಂದ ಕುಳ್ಳಿರಿಸಿ, ತಾನು ಶವವಿರುವ ಸ್ಥಳದ ಮೇಲೆಯೇ ಕುರ್ಚಿ ಹಾಕಿಕೊಂಡು ಮಾತಿಗೆ ತೊಡಗುತ್ತಾನೆ. ಆಗ ಹಲಗೆಯ ಕೆಳಗಿನಿಂದ ಎದೆ ಬಡಿತದ ಸದ್ದು ಕೇಳತೊಡಗಿ, ಬರಬರುತ್ತ ಹೆಚ್ಚಿ, ಕೊನೆಗೆ ತಾಳಲಾರದೆ ತಾನೇ ಎಲ್ಲವನ್ನೂ ಒಪ್ಪಿಕೊಂಡುಬಿಡುತ್ತಾನೆ. ಪೋಲೀಸಿನವರಿಗೆ ಆ ಸದ್ದು ಕೇಳಿಸಿತೆಂದು ಕಥೆ ಹೇಳುವುದಿಲ್ಲ.

ಕಥೆ ಮುಗಿದಾಗ ನಮ್ಮಲ್ಲಿ ಒಬ್ಬಳು ಅತ್ತುಬಿಟ್ಟಳು. ಒಂದೆರಡು ವಾರಗಳ ತರುವಾಯ ಒಬ್ಬ ಹುಡುಗಿಯ ತಂದೆಯವರು, ಹೆಣ್ಣುಮಕ್ಕಳ ಶಾಲೆಯಲ್ಲಿ ಕೊಲೆಯ ಕಥೆಗಳನ್ನು ಓದಿಸುವುದು ಉಚಿತವಲ್ಲವೆಂದು ಕಾಗದ ಬರೆದರಂತೆ. ಪುಸ್ತಕವು ಬೀಗವಿರುವ ಬೀರುವಿಗೆ ಹೋಯಿತು. ಆ ತಂದೆಯವರನ್ನು ನಾವೆಲ್ಲ ಅಂದು ಹಾಸ್ಯ ಮಾಡಿದೆವು. ಅವರ ಮಾತು ಪೂರ್ಣವಾಗಿ ತಪ್ಪಲ್ಲವೆಂದು ನನಗೆ ಆಮೇಲೆ ತಿಳಿಯಿತು. ಪೂರ್ಣವಾಗಿ ಸರಿಯಲ್ಲವೆಂದು ಇನ್ನೂ ತಡವಾಗಿ ತಿಳಿಯಿತು. ಈ ಎರಡನ್ನೂ ಹೇಳುವುದೇ ಈ ಲೇಖನದ ಉದ್ದೇಶ.

ಇಂಥ ಕಥೆಗಳು ಹುಟ್ಟಿದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುವುದು ಅವಶ್ಯಕ. ಇಂಗ್ಲೆಂಡಿನಲ್ಲಿ 1764ರ ಕೊನೆಗೆ ಹಾರೇಸ್ ವಾಲ್‌ಪೋಲ್ ಎಂಬವನು ಒಟ್ರಾಂಟೋ ಕೋಟೆಯ ಕಥೆಯನ್ನು ಪ್ರಕಟಿಸಿದನು. ಪಾಳು ಕೋಟೆ, ನೆಲಮಾಳಿಗೆ, ಬೀಗ ಹಾಕಿದ ಕೋಣೆ, ಪೂರ್ವಿಕರ ಪಾಪ, ಓಡಿಹೋಗುವ ಕನ್ಯೆ ಇವೆಲ್ಲ ಅದರಲ್ಲಿದ್ದುವು. ಅದರ ಎರಡನೆಯ ಮುದ್ರಣಕ್ಕೆ ಅವನು ‘ಗಾಥಿಕ್’ ಎಂಬ ವಿಶೇಷಣವನ್ನು ಸೇರಿಸಿದನು. ಆ ಹೆಸರೇ ಈ ಜಾತಿಯ ಬರವಣಿಗೆಗೆಲ್ಲ ನಿಂತಿತು. ಮೊದಲು ಇವು ಹಲವು ಸಂಪುಟಗಳ ಕಾದಂಬರಿಗಳಾಗಿದ್ದುವು. ಮಾಸಪತ್ರಿಕೆಗಳು ಹೆಚ್ಚಿದಂತೆ ಭಯವೂ ಸಣ್ಣ ಕಥೆಯೊಳಗೆ ಅಡಕವಾಗಬೇಕಾಯಿತು. ಇದಕ್ಕೆ ಶಾಸ್ತ್ರವನ್ನು ಹೇಳಿದವನು ಪೋ ಮಹಾಶಯನೇ. ಕಥೆಯು ಒಂದೇ ಸಾರಿ ಕುಳಿತು ಓದಿ ಮುಗಿಸುವಷ್ಟು ಇರಬೇಕು, ಅದರ ಪ್ರತಿಯೊಂದು ವಾಕ್ಯವೂ ಒಂದೇ ಪರಿಣಾಮಕ್ಕೆ ದುಡಿಯಬೇಕು ಎಂದು ಅವನು 1842ರಲ್ಲಿ, ಹಾಥಾರ್ನ್ ಎಂಬ ಕಥೆಗಾರನ ಪುಸ್ತಕವನ್ನು ವಿಮರ್ಶಿಸುವಾಗ ಬರೆದನು. ಮರುವರ್ಷ, 1843ರ ಜನವರಿಯಲ್ಲಿ, ನಾವು ಕೇಳಿದ ಕಥೆ ಅಚ್ಚಾಯಿತು. ದೊಡ್ಡ ಕೋಟೆ ಇಲ್ಲಿ ಒಂದು ಸಾಮಾನ್ಯ ಮನೆಯಾಗಿದೆ. ನೆಲಮಾಳಿಗೆಯು ಮೂರು ಹಲಗೆಗಳಾಗಿದೆ. ಭೂತವು ಮನುಷ್ಯನ ಮನಸ್ಸಾಗಿದೆ.

ಪೋವಿನ ಜೀವಿತವೂ ದುಃಖಮಯವಾದುದೇ. 1809ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದ ಅವನಿಗೆ ಮೂರು ವರ್ಷ ತುಂಬುವುದರೊಳಗೆ ನಟಿಯಾಗಿದ್ದ ತಾಯಿ ತೀರಿಕೊಂಡಳು. ಹೆಂಡತಿ ವರ್ಜೀನಿಯಾ ಕ್ಷಯರೋಗದಿಂದ ವರ್ಷಗಟ್ಟಲೆ ನರಳಿ 1847ರಲ್ಲಿ ತೀರಿಹೋದಳು. ಅವನು 1849ರಲ್ಲಿ, ನಾಲ್ವತ್ತನೆಯ ವಯಸ್ಸಿನಲ್ಲಿ, ಬಾಲ್ಟಿಮೋರ್ ನಗರದಲ್ಲಿ ಮಡಿದನು. ಆದರೆ ಅವನ ಕಥೆಯ ಭಯವು ಅವನ ದುಃಖದಿಂದ ಮಾತ್ರ ಬಂದುದೆಂದು ತಿಳಿಯಬಾರದು. ಅದು ಒಂದು ಯುಕ್ತಿಯಿಂದ ಬಂದುದು. ಕೊಲೆಗಾರನೇ ಇಲ್ಲಿ ಕಥೆಗಾರನು. ತಾನು ಹುಚ್ಚನಲ್ಲವೆಂದು ಸಾಧಿಸುವುದೇ ಅವನ ಹಟ. ಎಷ್ಟು ಜಾಣತನದಿಂದ, ಎಷ್ಟು ತಾಳ್ಮೆಯಿಂದ ತಾನು ಕೆಲಸ ಮಾಡಿದೆನೆಂದು ಅವನು ಕೊಚ್ಚಿಕೊಂಡಷ್ಟೂ ನಮ್ಮ ರಕ್ತವು ತಣ್ಣಗಾಗುತ್ತದೆ. ಕೊಲ್ಲುವುದಕ್ಕೆ ಮುಂಚಿನ ಇಡೀ ವಾರ ಅವನು ಮುದುಕನ ವಿಷಯದಲ್ಲಿ ಹಿಂದೆಂದಿಗಿಂತಲೂ ಹೆಚ್ಚು ದಯೆಯಿಂದ ನಡೆದುಕೊಂಡನಂತೆ. ಅವನಲ್ಲಿ ಕೆಟ್ಟಿರುವುದು ಲೆಕ್ಕಾಚಾರವಲ್ಲ. ಇನ್ನೊಬ್ಬನ ಜೀವವೂ ತನ್ನಂಥದೇ ಜೀವವೆಂಬ ಅರಿವು. ಕಾಯಿನನ ಕಥೆಯಲ್ಲಿ ತಮ್ಮನ ರಕ್ತವು ನೆಲದಿಂದ ಕೂಗಿದುದನ್ನು ಬಾಲ್ಯದಿಂದ ಕೇಳಿದ್ದ ನಮಗೆ, ಹಲಗೆಯ ಕೆಳಗಿನ ಆ ಬಡಿತವು ಹೊಸದೆನಿಸಲಿಲ್ಲ.

ಇಷ್ಟನ್ನು ನಾನೀಗ ಬರೆಯಬಲ್ಲೆನು. ಹದಿನಾಲ್ಕನೆಯ ವಯಸ್ಸಿನಲ್ಲಿ ನನಗೆ ಉಳಿದದ್ದು ಒಂದೇ ಮಾತು: ಹುಚ್ಚಿರುವವರು ಹೊರಗೆ ಶಾಂತರಾಗಿ ಕಾಣುತ್ತಾರೆ, ಒಳಗೆ ಕೊಲೆಯನ್ನು ಯೋಚಿಸುತ್ತಿರುತ್ತಾರೆ.

ಆ ವರ್ಷದ ದಸರಾ ರಜೆಯಲ್ಲಿ ಊರಿಗೆ ಹೋದೆನು. ನಮ್ಮದು ಕೂಡು ಕುಟುಂಬದ ಮನೆ. ಹಿತ್ತಿಲ ಕಡೆಯ ಕೋಣೆಯಲ್ಲಿ ನನ್ನ ಚಿಕ್ಕಮ್ಮನಿದ್ದಳು. ಚಿಕ್ಕಪ್ಪನ ಹೆಂಡತಿ, ವಯಸ್ಸು ಇಪ್ಪತ್ತಾರಕ್ಕೆ ಮೀರಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಮನೆಯ ಹಾಲಿನ ಲೆಕ್ಕ, ಅಗಸನ ಲೆಕ್ಕ, ಧಾನ್ಯದ ಲೆಕ್ಕ ಎಲ್ಲವೂ ಅವಳದೇ. ಅಕ್ಷರಗಳು ಮುತ್ತಿನಂತಿದ್ದುವು; ನನಗೆ ಕಾಪಿ ಬರೆಯುವುದನ್ನು ಕಲಿಸಿದವಳು ಅವಳೇ. ಎರಡು ವರ್ಷದ ಹಿಂದೆ ಅವಳಿಗೆ ಹುಟ್ಟಿದ ಕೂಸು ಒಂಬತ್ತನೆಯ ದಿನ ತೀರಿಕೊಂಡಿತು. ಆಮೇಲೆ ಅವಳಿಗೆ ನಿದ್ರೆ ಹೋಯಿತು, ಊಟ ಹೋಯಿತು; ತನ್ನಷ್ಟಕ್ಕೆ ತಾನೇ ಮಾತಾಡುತ್ತಿದ್ದಳು. ಒಂದು ರಾತ್ರಿ ಬಾವಿಯ ಕಡೆಗೆ ನಡೆದುಹೋಗುತ್ತಿದ್ದುದನ್ನು ಕಂಡು ಮನೆಯವರು ಹೆದರಿ ಕೋಣೆಗೆ ಬೀಗ ಹಾಕಿದರು. ಅವರು ಕ್ರೂರಿಗಳಾಗಿರಲಿಲ್ಲ. ಬಂದು ನೋಡಿದ ವೈದ್ಯರು, ಸಂಪೂರ್ಣ ವಿಶ್ರಾಂತಿ ಬೇಕು, ಜನರ ಮಾತುಕತೆ ಬೇಡ, ಓದು ಬರಹ ಲೆಕ್ಕಗಳನ್ನು ಹತ್ತಿರ ಸೇರಿಸಬೇಡಿ ಎಂದು ಹೇಳಿದ್ದನ್ನು ಅವರು ವ್ರತದಂತೆ ಪಾಲಿಸಿದರು. ನೆಂಟರು ಬಂದಾಗ ‘ಅವಳಿಗೆ ಮೈ ಸರಿಯಿಲ್ಲ’ ಎನ್ನುತ್ತಿದ್ದರು.

ಹಿಂದಿನ ರಜೆಗಳಲ್ಲಿ ನಾನು ಅವಳ ಕಿಟಕಿಯ ಬಳಿ ಕುಳಿತುಕೊಳ್ಳುತ್ತಿದ್ದೆನು. ಸಲಾಕಿಗಳ ನಡುವೆ ಕೈ ಚಾಚಿ ಅವಳು ನನಗೆ ಜಡೆ ಹೆಣೆಯುತ್ತಿದ್ದಳು. ಈ ಸಲ ಹಾಗೆ ಕುಳಿತುಕೊಳ್ಳಲು ನನ್ನಿಂದಾಗಲಿಲ್ಲ. ಅವಳು ಸುಮ್ಮನಿದ್ದರೆ ಏನನ್ನೋ ಹೊಂಚುತ್ತಿರುವಳೆಂದು ತೋರುತ್ತಿತ್ತು; ಮಾತಾಡಿದರೆ ಆ ಶಾಂತ ಸ್ವರವೇ ಲಾಂದ್ರದ ಬೆಳಕಿನಲ್ಲಿ ಕೇಳಿದ ಸ್ವರವೆನಿಸುತ್ತಿತ್ತು. ರಜೆ ಮುಗಿಯುವ ಹಿಂದಿನ ದಿನ ಅವಳು ಕಿಟಕಿಯಿಂದ ನನ್ನನ್ನು ಕರೆದು, ‘ಒಂದು ಸೀಸದ ಕಡ್ಡಿ, ಎರಡು ಹಾಳೆ ತಂದುಕೊಡು ಮಗು’ ಎಂದು ಕೇಳಿದಳು. ನನ್ನ ಪೆಟ್ಟಿಗೆಯಲ್ಲಿ ಹೊಸ ಕಡ್ಡಿಯಿತ್ತು. ತರುವೆನೆಂದು ಹೇಳಿ ಓಡಿಬಂದೆನು. ತಂದುಕೊಡಲಿಲ್ಲ. ಚೂಪಾದ ಕಡ್ಡಿಯಿಂದ ಏನು ಮಾಡುವಳೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ಹಿತ್ತಿಲಿನ ಕಡೆ ಹೋಗದೆಯೇ ಗಾಡಿ ಹತ್ತಿದೆನು.

ಡಿಸೆಂಬರ್ ತಿಂಗಳಿನ ಮೊದಲ ವಾರದಲ್ಲಿ ಚಿಕ್ಕಮ್ಮನು ವಿಷಮಜ್ವರದಿಂದ ತೀರಿಕೊಂಡಳು. ಕ್ರಿಸ್ಮಸ್ ರಜೆಗೆ ನಾನು ಹೋದಾಗ ಆ ಕೋಣೆಗೆ ಸುಣ್ಣ ಹೊಡೆಯಿಸುವ ಸನ್ನಾಹ ನಡೆದಿತ್ತು. ಕಿಟಕಿಯ ಪಕ್ಕದ ಗೋಡೆಯ ಮೇಲೆ, ನೆಲದಲ್ಲಿ ಕುಳಿತರೆ ಕೈಗೆಟಕುವ ಎತ್ತರದಲ್ಲಿ, ತಲೆಪಿನ್ನಿನಿಂದ ಗೀಚಿದ ಗೆರೆಗಳು ಸಾಲು ಸಾಲಾಗಿದ್ದುವು. ಏನೋ ಹುಚ್ಚು ಗೀಟುಗಳೆಂದು ಎಲ್ಲರೂ ತಿಳಿದಿದ್ದರು. ನನ್ನ ತಾಯಿಯವರು ಮಾತ್ರ ಬಹಳ ಹೊತ್ತು ನೋಡಿ, ಒಳಗೆ ಹೋಗಿ ಹಾಲಿನ ಪುಸ್ತಕವನ್ನು ತಂದರು. ಹಾಲಿನವನು ಹಿತ್ತಿಲ ಬಾಗಿಲಿನಲ್ಲಿ ಪಾವು ಪಾವಾಗಿ ಎಣಿಸುತ್ತ ಅಳೆಯುವುದನ್ನು ಅವಳು ಪ್ರತಿದಿನವೂ ಕಿಟಕಿಯಿಂದ ಕೇಳಿ ಗುರುತು ಹಾಕಿಟ್ಟಿದ್ದಳು. ಎರಡು ತಿಂಗಳಲ್ಲಿ ನಮ್ಮ ಪುಸ್ತಕದ ಲೆಕ್ಕ ತಪ್ಪಿತ್ತು. ಗೋಡೆಯ ಲೆಕ್ಕ ತಪ್ಪಿರಲಿಲ್ಲ. ‘ಸರಿಯಾಗಿದೆ’ ಎಂದು ಮಾತ್ರ ನನ್ನ ತಾಯಿಯವರು ಹೇಳಿದರು. ಸಾಯಂಕಾಲದೊಳಗೆ ಗೋಡೆ ಬೆಳ್ಳಗಾಯಿತು. ಸೀಸದ ಕಡ್ಡಿಯ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ.

ಇದಕ್ಕೆ ಪೋ ಮಹಾಶಯನನ್ನು ದೂಷಿಸುವುದು ಸುಲಭ. ನಾನೂ ಬಹುಕಾಲ ಹಾಗೆಯೇ ಮಾಡಿದೆನು. ಆದರೆ ಕಥೆಯು ಹೇಳಿದುದೇ ಬೇರೆ, ನಾನು ಕೇಳಿಸಿಕೊಂಡುದೇ ಬೇರೆ. ಅದೇ 1843ರ ಜನವರಿಯಲ್ಲಿ ಲಂಡನ್ನಿನಲ್ಲಿ ಡೇನಿಯಲ್ ಮೆಕ್ನಾಟನ್ ಎಂಬವನು ಪ್ರಧಾನ ಮಂತ್ರಿಯ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದನು. ಬುದ್ಧಿವಿಕಲನೆಂದು ನ್ಯಾಯಸ್ಥಾನವು ಅವನನ್ನು ಮರಣದಂಡನೆಯಿಂದ ಬಿಡಿಸಿತು. ಅದರ ಮೇಲೆ ಎದ್ದ ಗದ್ದಲದಲ್ಲಿ ನ್ಯಾಯಾಧೀಶರು ಒಂದು ಸೂತ್ರವನ್ನು ಹೇಳಬೇಕಾಯಿತು: ತಾನು ಮಾಡುವುದೇನೆಂದಾಗಲಿ ಅದು ತಪ್ಪೆಂದಾಗಲಿ ತಿಳಿಯಲಾರದಷ್ಟು ಮನೋರೋಗವಿದ್ದವನನ್ನು ಅಪರಾಧಿಯೆಂದು ಎಣಿಸಬಾರದು. ಅದೇ ತತ್ತ್ವವು 1860ರ ಭಾರತೀಯ ದಂಡ ಸಂಹಿತೆಯ 84ನೆಯ ಕಲಮಿನಲ್ಲಿ ಬಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 22ನೆಯ ಕಲಮಾಗಿ ಉಳಿದಿದೆ. ಈ ಅಳತೆಗೋಲಿನಿಂದ ಅಳೆದರೆ ಪೋವಿನ ಕೊಲೆಗಾರನ ವಿಷಯದಲ್ಲಿ ತೀರ್ಪು ಕೊಡುವುದು ಕಷ್ಟ. ಆ ಸಂದೇಹವೇ ಕಥೆಯ ಜೀವ. ಆದರೆ ನಿಜ ಜೀವನದಲ್ಲಿ ಮನೋರೋಗಿಗಳಲ್ಲಿ ಬಹುಮಂದಿ ಯಾರ ತಂಟೆಗೂ ಹೋಗದವರೆಂದೂ, ಅವರು ಇತರರಿಗೆ ಮಾಡುವ ಕೇಡಿಗಿಂತ ಇತರರಿಂದ ಅವರಿಗೆ ಆಗುವ ಕೇಡೇ ಹೆಚ್ಚೆಂದೂ ವೈದ್ಯಶಾಸ್ತ್ರವು ಇಂದು ಹೇಳುತ್ತದೆ. ಒಂದು ಕಥೆಯನ್ನೇ ಶಾಸ್ತ್ರವೆಂದು ನಂಬಿ ಕಿಟಕಿಯ ಬಳಿಯಿಂದ ಓಡಿಬಂದವಳು ನಾನು.

ಇದು ನನಗೆ ಮನವರಿಕೆಯಾದದ್ದು 1981ರಲ್ಲಿ. ಆಗ ನಾನೂ ಒಬ್ಬ ಉಪಾಧ್ಯಾಯಿನಿಯಾಗಿದ್ದೆನು. ಗೆಳತಿಯೊಬ್ಬಳು ಓದಲು ಕೊಟ್ಟ ಒಂದು ತೆಳ್ಳನೆಯ ಪುಸ್ತಕದಲ್ಲಿ ‘ದಿ ಯೆಲ್ಲೋ ವಾಲ್‌ಪೇಪರ್’, ಎಂದರೆ ‘ಹಳದಿಯ ಗೋಡೆಕಾಗದ’ ಎಂಬ ಕಥೆಯಿತ್ತು. ಬರೆದವಳು ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಎಂಬ ಅಮೇರಿಕದ ಲೇಖಕಿ. ಹಡೆದು ಹೆಚ್ಚು ಕಾಲವಾಗದ ಒಬ್ಬ ತಾಯಿ; ಗಂಡನು ವೈದ್ಯನು, ಅವಳನ್ನು ಪ್ರೀತಿಸುವವನು. ಅವಳ ಮನಸ್ಸಿನ ದಣಿವಿಗೆ ವಿಶ್ರಾಂತಿಯೇ ಮದ್ದೆಂದು ಒಂದು ಹಳೆಯ ಬಂಗಲೆಯನ್ನು ಬಾಡಿಗೆಗೆ ಹಿಡಿದು, ಮಹಡಿಯ ಮೇಲಿನ ಕೋಣೆಯಲ್ಲಿ ಅವಳನ್ನು ಇರಿಸುತ್ತಾನೆ. ಕಿಟಕಿಗಳಿಗೆ ಸಲಾಕಿಗಳಿವೆ, ಮಂಚವನ್ನು ನೆಲಕ್ಕೆ ಮೊಳೆ ಹೊಡೆದು ಕೂಡಿಸಿದೆ. ಬರೆಯುವುದನ್ನು ನಿಷೇಧಿಸಿದ್ದಾರೆ, ಯಾರಾದರೂ ಬರುವ ಸದ್ದಾದರೆ ಅವಳು ಕಾಗದವನ್ನು ಬಚ್ಚಿಡುತ್ತಾಳೆ. ಬೇರೆ ಕೆಲಸವಿಲ್ಲದ ಅವಳ ಮನಸ್ಸು ಗೋಡೆಗೆ ಅಂಟಿಸಿದ ಹಳದಿ ಕಾಗದದ ವಿಕಾರ ಚಿತ್ತಾರವನ್ನು ಹಗಲಿರುಳೂ ನೋಡುತ್ತ, ಅದರ ಹಿಂದೆ ಒಬ್ಬ ಹೆಂಗಸು ಸೆರೆಯಲ್ಲಿದ್ದು ತೆವಳುತ್ತಿರುವಳೆಂದು ಕಾಣತೊಡಗುತ್ತದೆ. ಕೊನೆಯ ದಿನ ಅವಳು ಬಾಗಿಲಿಗೆ ಬೀಗ ಹಾಕಿಕೊಂಡು, ಕಾಗದವನ್ನೆಲ್ಲ ಸುಲಿದು, ತಾನೇ ಆ ಹೆಂಗಸೆಂದು ತಿಳಿದು ಗೋಡೆಯ ಅಂಚಿನುದ್ದಕ್ಕೂ ತೆವಳುತ್ತಾಳೆ. ಒಳಬಂದ ಗಂಡನು ಮೂರ್ಛೆ ಹೋಗುತ್ತಾನೆ. ಈ ಕಥೆಯಲ್ಲಿ ಕೊಲೆಯಿಲ್ಲ, ಭೂತವಿಲ್ಲ, ಕೆಟ್ಟವರೂ ಇಲ್ಲ.

ಇದು ಕೇವಲ ಕಲ್ಪನೆಯಲ್ಲ. ಗಿಲ್ಮನ್ ಅವರಿಗೆ 1885ರಲ್ಲಿ ಮಗಳು ಹುಟ್ಟಿದ ತರುವಾಯ ತೀವ್ರವಾದ ಖಿನ್ನತೆ ಕವಿಯಿತು. 1887ರಲ್ಲಿ ಅವರು ಫಿಲಡೆಲ್ಫಿಯಾ ನಗರದ ಪ್ರಸಿದ್ಧ ವೈದ್ಯರಾದ ಸೈಲಸ್ ವಿಯರ್ ಮಿಚೆಲ್ ಅವರಲ್ಲಿಗೆ ಹೋದರು. ಹಾಸಿಗೆ, ಹೆಚ್ಚಾದ ಆಹಾರ, ಏಕಾಂತ ಇವೇ ಮುಖ್ಯವಾಗಿದ್ದ ‘ವಿಶ್ರಾಂತಿ ಚಿಕಿತ್ಸೆ’ಯು ಆ ಕಾಲದಲ್ಲಿ ಬಹು ಮಾನ್ಯವಾದುದು. ಮನೆಗೆ ಕಳುಹಿಸುವಾಗ ವೈದ್ಯರು, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬುದ್ಧಿಯ ಕೆಲಸ ಮಾಡಕೂಡದು, ಬದುಕಿರುವವರೆಗೂ ಲೇಖನಿಯನ್ನಾಗಲಿ ಕುಂಚವನ್ನಾಗಲಿ ಸೀಸದ ಕಡ್ಡಿಯನ್ನಾಗಲಿ ಮುಟ್ಟಕೂಡದು ಎಂದು ವಿಧಿಸಿದರೆಂದು ಅವರೇ ಬರೆದಿದ್ದಾರೆ. ಸುಮಾರು ಮೂರು ತಿಂಗಳು ಹಾಗೆ ನಡೆದು ಬುದ್ಧಿ ಕಳೆದುಕೊಳ್ಳುವ ಅಂಚಿಗೆ ಬಂದು, ಆ ಉಪದೇಶವನ್ನು ಬದಿಗಿಟ್ಟು ಕೆಲಸಕ್ಕೆ ಕೈ ಹಾಕಿದ ಮೇಲೆಯೇ ಚೇತರಿಸಿಕೊಂಡರಂತೆ. ಕಥೆಯು 1892ರ ಜನವರಿಯಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ ಒಂದು ಹೆಸರಾಂತ ಪತ್ರಿಕೆಯ ಸಂಪಾದಕರು, ಇದನ್ನು ಓದಿ ತಾನು ಪಟ್ಟ ಸಂಕಟವನ್ನು ಇತರರಿಗೂ ಕೊಡಲಾರೆನೆಂದು ಹಿಂದಿರುಗಿಸಿದ್ದರು. ಪ್ರಕಟವಾದ ಮೇಲೆ ಬಾಸ್ಟನ್ನಿನ ವೈದ್ಯರೊಬ್ಬರು, ಇಂಥ ಕಥೆಯನ್ನು ಬರೆಯಲೇಬಾರದಾಗಿತ್ತೆಂದು ಆಕ್ಷೇಪಿಸಿದರು. ನಮ್ಮ ಶಾಲೆಗೆ ಕಾಗದ ಬರೆದ ತಂದೆಯವರ ನೆನಪು ನನಗೆ ಬಂದಿತು! 1913ರಲ್ಲಿ ಗಿಲ್ಮನ್ ಅವರು ತಮ್ಮದೇ ಪತ್ರಿಕೆಯಲ್ಲಿ ಇದಕ್ಕೆ ಉತ್ತರವಿತ್ತರು: ಜನರನ್ನು ಹುಚ್ಚರನ್ನಾಗಿ ಮಾಡುವುದಕ್ಕಲ್ಲ, ಹುಚ್ಚರಾಗದಂತೆ ಉಳಿಸುವುದಕ್ಕಾಗಿಯೇ ಬರೆದೆನೆಂಬುದು ಅದರ ತಾತ್ಪರ್ಯ. ಕಥೆಯನ್ನೋದಿದ ಒಂದು ಮನೆಯವರು ಹೆದರಿ, ಅಂಥದೇ ಸ್ಥಿತಿಯಲ್ಲಿದ್ದ ತಮ್ಮ ಹೆಂಗಸೊಬ್ಬಳನ್ನು ಹೊರಗೆ ಬಿಟ್ಟು ಕೆಲಸ ಕಾರ್ಯಗಳಿಗೆ ಸೇರಿಸಿದ್ದರಿಂದ ಅವಳು ಗುಣವಾದಳೆಂದೂ ಅವರು ಬರೆದಿದ್ದಾರೆ.

‘ಸೀಸದ ಕಡ್ಡಿ’ ಎಂಬ ಮಾತನ್ನು ಆ ಪುಟದಲ್ಲಿ ಕಂಡಾಗ ನನ್ನ ಕೈ ನಡುಗಿತು. ಹದಿನೈದು ವರ್ಷಗಳ ಕೆಳಗೆ ಪೆಟ್ಟಿಗೆಯಲ್ಲೇ ಉಳಿಸಿಕೊಂಡ ಆ ಕಡ್ಡಿಯು ನನ್ನ ಮನೆಯ ನೆಲದ ಕೆಳಗೆ ಬಡಿದುಕೊಳ್ಳತೊಡಗಿತು.

ಮೂರನೆಯದೊಂದು ಕಥೆಯನ್ನು ಹೇಳಿ ಮುಗಿಸುವೆನು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸಭಾಪಾಲಕರೊಬ್ಬರ ಪತ್ನಿಯಾಗಿದ್ದ ಎಲಿಜಬೆತ್ ಗ್ಯಾಸ್ಕೆಲ್ ಅವರು 1852ರಲ್ಲಿ, ಡಿಕೆನ್ಸ್ ಮಹಾಶಯನ ಪತ್ರಿಕೆಯ ಕ್ರಿಸ್ಮಸ್ ಸಂಚಿಕೆಗಾಗಿ ‘ದಿ ಓಲ್ಡ್ ನರ್ಸಸ್ ಸ್ಟೋರಿ’, ಎಂದರೆ ‘ಮುದಿ ದಾದಿಯ ಕಥೆ’ಯನ್ನು ಬರೆದರು. ತಬ್ಬಲಿಯಾದ ಪುಟ್ಟ ಹುಡುಗಿಯೊಬ್ಬಳು ತನ್ನ ದಾದಿಯೊಡನೆ ಬೆಟ್ಟದ ತಪ್ಪಲಿನ ಹಳೆಯ ಬಂಗಲೆಗೆ ಬರುತ್ತಾಳೆ. ಅಲ್ಲಿ ಕಿವುಡಿಯಾದ ಮುದುಕಿ, ಕುಮಾರಿ ಫರ್ನಿವಾಲ್, ವಾಸವಾಗಿದ್ದಾಳೆ. ಮನೆಯ ಪೂರ್ವದ ಭಾಗಕ್ಕೆ ಸದಾ ಬೀಗ. ಹಿಮ ಬೀಳುವ ದಿನಗಳಲ್ಲಿ ಕಿಟಕಿಯಾಚೆ ಒಂದು ಮಗುವು ನಿಂತು, ಒಳಗೆ ಬಿಡಿರೆಂದು ಗಾಜನ್ನು ಬಡಿಯುತ್ತದೆ. ಬಡಿತದ ಸದ್ದೇ ಕೇಳಿಸುವುದಿಲ್ಲ. ಬಹುಕಾಲದ ಹಿಂದೆ ಈ ಮುದುಕಿಯ ಅಕ್ಕನು ಗುಟ್ಟಾಗಿ ಮದುವೆಯಾಗಿ ಒಂದು ಹೆಣ್ಣು ಮಗುವನ್ನು ಪಡೆದಿದ್ದಳು. ಅದೇ ಮನುಷ್ಯನ ಮೇಲೆ ಮನಸ್ಸಿಟ್ಟಿದ್ದ ತಂಗಿಯು ಹೊಟ್ಟೆಯುರಿಯಿಂದ ತಂದೆಗೆ ಅದನ್ನು ತಿಳಿಸಿದಳು. ಕೋಪಿಷ್ಠನಾದ ತಂದೆಯು ಮಗುವನ್ನು ಊರುಗೋಲಿನಿಂದ ಹೊಡೆದು ಇಬ್ಬರನ್ನೂ ಹಿಮದ ರಾತ್ರಿಯಲ್ಲಿ ಹೊರಗೆ ನೂಕಿದನು. ಬೆಳಿಗ್ಗೆ, ಸತ್ತ ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಬುದ್ಧಿ ಕೆಟ್ಟ ತಾಯಿಯು ಮರದ ಕೆಳಗೆ ಕುಳಿತಿದ್ದಳು. ಭಯ, ಹುಚ್ಚು, ಕೊಲೆ ಮೂರೂ ಈ ಒಂದೇ ಕಥೆಯಲ್ಲಿವೆ. ಕೊನೆಗೆ ಆ ರಾತ್ರಿಯ ದೃಶ್ಯವು ಎಲ್ಲರ ಕಣ್ಣೆದುರಿನಲ್ಲಿ ಮತ್ತೊಮ್ಮೆ ನಡೆಯುವಾಗ, ಮಗುವನ್ನು ಬಿಡಬೇಕೆಂದು ಮುದುಕಿಯು ತಂದೆಯ ಛಾಯೆಯನ್ನು ಬೇಡಿಕೊಳ್ಳುತ್ತಾಳೆ. ಆದರೆ ಆ ದೃಶ್ಯದಲ್ಲಿಯೇ, ಯೌವನದ ತಾನು, ಕಲ್ಲಿನ ಮುಖದಿಂದ ಸುಮ್ಮನೆ ನಿಂತು ನೋಡುತ್ತಿರುವುದನ್ನೂ ಕಾಣುತ್ತಾಳೆ. ಎಳೆಯ ವಯಸ್ಸಿನಲ್ಲಿ ಮಾಡಿದುದನ್ನು ಮುಪ್ಪಿನಲ್ಲಿ ಅಳಿಸಲಾಗದೆಂಬ ಸಂಕಟದಿಂದಲೇ ಅವಳು ಸಾಯುತ್ತಾಳೆ. ಆ ಛಾಯೆಗಳು ಮಗುವಿಗೆ ಮಾತ್ರ ಕಾಣುವಂತೆ ಬದಲಾಯಿಸಬೇಕೆಂದು ಡಿಕೆನ್ಸ್ ಒತ್ತಾಯಪಡಿಸಿದರೂ ಲೇಖಕಿಯು ಒಪ್ಪಲಿಲ್ಲ. ಒಪ್ಪದಿದ್ದುದು ಒಳ್ಳೆಯದೇ ಆಯಿತು. ಮನೆಯವರೆಲ್ಲ ಕಾಣಲೇಬೇಕಾದುದನ್ನು ಮಗುವಿನ ಭ್ರಮೆಯೆಂದು ತಳ್ಳಿಬಿಡುವುದಕ್ಕೆ ಆಸ್ಪದವಾಗಲಿಲ್ಲ.

ಈ ಮೂರು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ಒಂದರಲ್ಲಿ ನೆಲದ ಕೆಳಗೆ, ಇನ್ನೊಂದರಲ್ಲಿ ಗೋಡೆಯ ಹಿಂದೆ, ಮತ್ತೊಂದರಲ್ಲಿ ಕಿಟಕಿಯಾಚೆ, ಮನೆಯವರು ಕೇಳಿಸಿಕೊಳ್ಳಲೊಲ್ಲದ ಒಂದು ಜೀವವಿದೆ. ಭಯವು ದೂರದ ಮಸಣದಿಂದ ಬರುವುದಿಲ್ಲ; ನಾವೇ ಮುಚ್ಚಿದ ಬಾಗಿಲಿನ ಹಿಂದಿನಿಂದ ಬರುತ್ತದೆ. ಚಿಕ್ಕವಳಾಗಿ ನಾನು, ಬಾಗಿಲಿನ ಒಳಗಿರುವವರಿಗೆ ಹೆದರಬೇಕೆಂದು ಕಲಿತೆನು. ಕಥೆಗಳಾದರೋ, ಬಾಗಿಲು ಮುಚ್ಚಿದ ಕೈಗೆ ಹೆದರಬೇಕೆಂದು ಹೇಳುತ್ತಿದ್ದುವು.

ಆದಕಾರಣ ತಂದೆ ತಾಯಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಇಂಥ ಕಥೆಗಳನ್ನು ನಿಮ್ಮ ಹೆಣ್ಣುಮಕ್ಕಳು ಓದಲಿ. ಬೀರುವಿಗೆ ಬೀಗ ಹಾಕಬೇಡಿರಿ. ಆದರೆ ಅವರನ್ನು ಭಯದೊಡನೆ ಒಂಟಿಯಾಗಿಯೂ ಬಿಡಬೇಡಿರಿ. ಮರುದಿನ ಬೆಳಿಗ್ಗೆ, ಯಾವುದಕ್ಕೆ ಹೆದರಿದೆ, ಏತಕ್ಕೆ ಹೆದರಿದೆ ಎಂದು ವಿಚಾರಿಸಿರಿ. ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ಚಿಕ್ಕಮ್ಮನ ಹೆಸರು ನನ್ನ ಬಾಯಿಂದ ಹೊರಡುತ್ತಿತ್ತು. ಹದಿನಾಲ್ಕು ವರ್ಷದ ಹುಡುಗಿಯ ತಪ್ಪು ಕಲ್ಪನೆಯನ್ನು ತಿದ್ದುವುದಕ್ಕೆ ಹತ್ತು ನಿಮಿಷ ಸಾಕಾಗುತ್ತಿತ್ತು.

ಎರಡನೆಯ ಮಾತು, ಈಗ ತಾಯಂದಿರೂ ಅಜ್ಜಿಯರೂ ಆಗಿರುವ ನನ್ನ ಸಹಪಾಠಿಗಳಿಗೆ. ಬಾಣಂತಿಯು ನಿದ್ರೆಗೆಟ್ಟು, ಮಾತು ಬಿಟ್ಟು, ಕೂಸಿನ ಕಡೆಗೂ ನೋಡದೆ ಕುಳಿತರೆ, ಇಲ್ಲವೆ ಇಲ್ಲದ್ದನ್ನು ಕಂಡೆನೆಂದು ಹೇಳಿದರೆ, ಅದು ದೃಷ್ಟಿಯೂ ಅಲ್ಲ, ಗ್ರಹಚಾರವೂ ಅಲ್ಲ, ಸೊಕ್ಕೂ ಅಲ್ಲ, ಗುಣವಾಗತಕ್ಕ ರೋಗ. ಪ್ರಾಣಕ್ಕೆ ಅಪಾಯವಿರುವಾಗ ಅವಳನ್ನು ಒಬ್ಬಳನ್ನೇ ಬಿಡಬಾರದೆಂಬುದು ನಿಜ. ಜೊತೆಯಲ್ಲಿರುವುದು ಬೇರೆ, ಕೂಡಿಹಾಕುವುದು ಬೇರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಚಿಕಿತ್ಸೆ ಕೊಡುವ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಕರೆ ಮಾಡಿ ಸಲಹೆ ಪಡೆಯಬಹುದು. ಮನೋರೋಗಿಯನ್ನು ಗೌರವದಿಂದ ಕಾಣಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ವಿಧಿಯೇ ಆಗಿದೆ. ನಮ್ಮ ಮನೆಯವರಿಗೆ ಇವು ಯಾವುವೂ ದೊರೆಯಲಿಲ್ಲ, ನಮಗೆ ದೊರೆತಿವೆ.

ಕಳೆದ ವರ್ಷ ಶಾಲೆಗೆ ಹೋಗಿದ್ದಾಗ ಪುಸ್ತಕ ಭಂಡಾರವನ್ನು ನೋಡಿದೆನು. ಪೋವಿನ ಕಥೆಗಳು ಈಗ ತೆರೆದ ಕಪಾಟಿನಲ್ಲಿವೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಿಟಕಿಯ ಬಳಿ ಕುಳಿತು ಅದನ್ನೇ ಓದುತ್ತಿದ್ದಳು. ಹೆದರಿಕೆಯಾಗುವುದೇ ಎಂದು ಕೇಳಿದೆನು. ‘ಆಗುತ್ತದೆ, ಆದರೆ ಆ ಅಜ್ಜನನ್ನು ನೆನೆದರೆ ಅಳು ಬರುತ್ತದೆ’ ಎಂದಳು. ಅವಳು ನನಗಿಂತ ಚೆನ್ನಾಗಿ ಓದಿದ್ದಳು. ಆ ಪುಸ್ತಕ ಭಂಡಾರದ ಮೇಜಿನ ಮೇಲೆ ಬೇಕಾದವರು ತೆಗೆದುಕೊಳ್ಳಲೆಂದು ಒಂದು ಡಬ್ಬಿಯಲ್ಲಿ ಸೀಸದ ಕಡ್ಡಿಗಳನ್ನು ಇಟ್ಟುಬಂದಿದ್ದೇನೆ. ಅದು ಬರಿದಾದಾಗ ತಿಳಿಸಬೇಕೆಂದು ಮುಖ್ಯೋಪಾಧ್ಯಾಯಿನಿಯವರಲ್ಲಿ ಬೇಡಿಕೊಂಡಿದ್ದೇನೆ.